ಟೊಮೆಟೊ ಗಿಡ ಕೋಲು ಸಮೇತ ವಾಲಿದೆ, ಯಾವ ಆಸರೆ ಕೊಡಲಿ?

ಪ್ರಶ್ನೆ: ಹಿತ್ತಲಲ್ಲಿ ಆರು ಟೊಮೆಟೊ ಗಿಡ ಬೆಳೆಸಿದ್ದೇನೆ, ಇನ್ನೆರಡು ಕುಂಡದಲ್ಲಿವೆ. ಪ್ರತಿ ಗಿಡಕ್ಕೂ ತೆಳ್ಳನೆಯ ಕೋಲು ನೆಟ್ಟು ಕಟ್ಟಿದ್ದೆ. ಕಾಯಿ ಕಚ್ಚಿದ ಮೇಲೆ ಗಿಡಗಳು ಕೋಲು ಸಮೇತ ವಾಲಿದವು. ಎರಡು ನೆಲಕ್ಕೇ ಒರಗಿವೆ, ಅದರಲ್ಲಿ ಒಂದರ ಕಾಂಡ ಅರ್ಧ ಮುರಿದಿದೆ. ಈಗ ಏನು ಮಾಡಲಿ? ಮುಂದಿನ ಸಲ ಕೋಲು ಒಳ್ಳೆಯದಾ, ಪಂಜರವಾ, ಹಗ್ಗವಾ? ಪಕ್ಕದ ಚಿಗುರು ಚಿವುಟಬೇಕು ಅಂತ ಕೆಲವರು ಹೇಳುತ್ತಾರೆ, ಮುಟ್ಟಲೇಬೇಡಿ ಅಂತ ಇನ್ನು ಕೆಲವರು. ಹಳೇ ಕೋಲುಗಳನ್ನೇ ಮತ್ತೆ ಬಳಸಬಹುದಾ?

ಉತ್ತರ:

ಮೊದಲು ಬಿದ್ದಿರುವ ಗಿಡಗಳನ್ನು ನೋಡೋಣ, ಅದು ಇವತ್ತೇ ಆಗಬೇಕಾದ ಕೆಲಸ. ಟೊಮೆಟೊ ಬಿತ್ತು ಅಂದರೆ ಕೈಬಿಟ್ಟಂತೆ ಅಲ್ಲ. ಅದರ ಕಾಂಡ ಗಾಯವನ್ನು ಚೆನ್ನಾಗಿ ಮಾಗಿಸಿಕೊಳ್ಳುತ್ತದೆ. ಅರ್ಧ ಮುರಿದ ಕಾಂಡವನ್ನು ಮೆಲ್ಲಗೆ ಎತ್ತಿ, ಮುರಿದ ಎರಡು ಭಾಗ ಮೊದಲಿದ್ದಂತೆ ಕೂಡುವ ಹಾಗೆ ಹಿಡಿಯಿರಿ. ಪಕ್ಕಕ್ಕೆ ಒಂದು ಸಣ್ಣ ಕಡ್ಡಿ ಇಟ್ಟು, ಟೇಪಿನಿಂದಲೋ ಬಟ್ಟೆ ಪಟ್ಟಿಯಿಂದಲೋ ಸುತ್ತಿ. ಆಮೇಲೆ ಮುರಿದ ಜಾಗದ ಮೇಲೊಂದು, ಕೆಳಗೊಂದು ಕಟ್ಟು ಹಾಕಿ ಗಟ್ಟಿಯಾದ ಕೋಲಿಗೆ ಸೇರಿಸಿ. ಭಾರ ಗಾಯದ ಮೇಲೆ ಬೀಳಬಾರದು. ಆ ಕೊಂಬೆಯಲ್ಲಿ ದೊಡ್ಡ ಕಾಯಿಗಳಿದ್ದರೆ ಕೆಲವನ್ನು ಕಿತ್ತುಬಿಡಿ. ಬಣ್ಣ ತಿರುಗಲು ಶುರುವಾದ ಕಾಯಿ ಮನೆಯೊಳಗೇ ಹಣ್ಣಾಗುತ್ತದೆ, ನಷ್ಟವೇನಿಲ್ಲ. ತುದಿ ಒಂದೆರಡು ದಿನ ಬಾಡಿದಂತೆ ಕಾಣಬಹುದು. ಹೆದರಿ ಕತ್ತರಿಸಬೇಡಿ, ಸ್ವಲ್ಪ ಕಾಯಿರಿ.

ಒಂದು ವೇಳೆ ಅದು ಪೂರ್ತಿ ಮುರಿದೇ ಹೋದರೂ ದಾರಿ ಇದೆ. ಮೇಲಿನ ತುಂಡಿನ ಕೆಳಗಿನ ಎಲೆಗಳನ್ನು, ಹೂವು ಕಾಯಿಗಳನ್ನು ತೆಗೆದು ನೀರಲ್ಲೋ ಒದ್ದೆ ಮಣ್ಣಲ್ಲೋ ನೆರಳಲ್ಲಿಡಿ. ಬೆಚ್ಚಗಿನ ಹವೆಯಲ್ಲಿ ಒಂದೆರಡು ವಾರದೊಳಗೆ ಬೇರು ಬಿಡುತ್ತದೆ. ನೆಲದಲ್ಲಿ ಉಳಿದ ಮೋಟು ಕಾಂಡದಲ್ಲಿ ಎಲೆಗಳಿದ್ದರೆ ಅಲ್ಲಿಂದಲೂ ಹೊಸ ಚಿಗುರು ಬರುತ್ತದೆ.

ಮುರಿಯದೆ ಒರಗಿರುವ ಇನ್ನೊಂದು ಗಿಡವನ್ನು ಒಂದೇ ಸಲಕ್ಕೆ ಎಳೆದು ನೆಟ್ಟಗೆ ನಿಲ್ಲಿಸಬೇಡಿ. ಮೊದಲು ಕಾಂಡ ಮಣ್ಣಿಗೆ ತಾಗಿರುವ ಜಾಗ ನೋಡಿ. ಬಿದ್ದು ಕೆಲವು ದಿನ ಆಗಿದ್ದರೆ ಅಲ್ಲಿ ಬಿಳಿ ಗುಳ್ಳೆಗಳಂತೆ ಬೇರಿನ ಮೊಳಕೆ ಕಾಣುತ್ತದೆ, ಕೆಲವೊಮ್ಮೆ ಬೇರು ಮಣ್ಣಿಗೆ ಇಳಿದೂ ಆಗಿರುತ್ತದೆ. ಹಾಗಿದ್ದರೆ ಆ ಭಾಗವನ್ನು ಅಲ್ಲೇ ಬಿಟ್ಟು ಮೇಲೆ ಒಂದಿಷ್ಟು ಮಣ್ಣು ಹಾಕಿ. ಗಿಡಕ್ಕೆ ಅದು ಲಾಭವೇ. ತುದಿ ತಾನಾಗಿಯೇ ಮೇಲಕ್ಕೆ ತಿರುಗಿಕೊಂಡಿರುತ್ತದೆ, ಆ ತುದಿಗೆ ಮಾತ್ರ ಆಸರೆ ಕೊಡಿ. ಬೇರು ಬಿಟ್ಟಿಲ್ಲದಿದ್ದರೆ ಎರಡು ಮೂರು ದಿನ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಬನ್ನಿ. ಈ ಕೆಲಸಕ್ಕೆ ಮಧ್ಯಾಹ್ನದ ಹೊತ್ತು ಒಳ್ಳೆಯದು. ಬೆಳಿಗ್ಗೆ ಕಾಂಡದಲ್ಲಿ ನೀರು ತುಂಬಿ ಬಿಗಿಯಾಗಿರುತ್ತದೆ, ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲವಾಗಿ, ಹೇಳಿದಂತೆ ಬಾಗುತ್ತದೆ.

ಈಗ ಕಾಯಿ ಬಿಟ್ಟಿರುವ ಗಿಡದ ಬುಡದಲ್ಲಿ ದಪ್ಪ ಕೋಲು ಬಡಿದರೆ ಬೇರು ಕತ್ತರಿಸುತ್ತದೆ. ಅದಕ್ಕೆ ಬೇರೆ ಉಪಾಯ ಮಾಡಿ. ಬುಡದಿಂದ ಸುಮಾರು ಒಂದು ಅಡಿ ದೂರದಲ್ಲಿ, ಗಿಡದ ಸುತ್ತ ಮೂರು ಗೂಟ ನೆಡಿ. ಆ ಮೂರನ್ನೂ ಸುತ್ತಿಕೊಂಡು ಹೋಗುವಂತೆ ಎರಡು ಮೂರು ಎತ್ತರದಲ್ಲಿ ಹುರಿ ಕಟ್ಟಿ. ಒಳಗೆ ಗಿಡ ಹುರಿಗೆ ಒರಗಿಕೊಂಡು ನಿಲ್ಲುತ್ತದೆ. ನೋಡಲು ಅಷ್ಟು ಅಂದವಾಗಿರಲ್ಲ, ಆದರೆ ತಡವಾದಾಗ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ಬರೀ ವಾಲಿರುವ ನಾಲ್ಕು ಗಿಡಗಳಿಗೂ ಇದನ್ನೇ ಮಾಡಿ.

ಇನ್ನು ಗಿಡ ಯಾಕೆ ವಾಲಿತು ಅನ್ನೋದು. ಅವರೆ, ಹುರುಳಿ ಜಾತಿಯ ಬಳ್ಳಿ ಕೋಲನ್ನು ತಾನೇ ಸುತ್ತಿಕೊಳ್ಳುತ್ತದೆ. ಸೌತೆಗೆ ಹಿಡಿದುಕೊಳ್ಳಲು ಕುಡಿಬಳ್ಳಿ ಇದೆ. ಟೊಮೆಟೊಗೆ ಎರಡೂ ಇಲ್ಲ. ಇದರ ಕಾಡು ಬಂಧುಗಳ ತವರು ದಕ್ಷಿಣ ಅಮೆರಿಕದ ಆಂಡೀಸ್ ಸೀಮೆ. ಅಲ್ಲಿ ಅವು ನೆಲದ ಮೇಲೆ ಹರಡಿಕೊಂಡು, ತಾಗಿದಲ್ಲೆಲ್ಲ ಬೇರು ಬಿಡುತ್ತಾ ಬೆಳೆಯುತ್ತವೆ. ಅವುಗಳ ಕಾಯಿ ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆ ಮೆತ್ತನೆಯ ಕಾಂಡಕ್ಕೆ ನಾವು ಕಾಲು ಕಿಲೋ ತೂಗುವ ಹಣ್ಣು ಬಿಡಿಸಿದ್ದೇವೆ. ಅಂದ ಮೇಲೆ ಹೊರುವ ಕೆಲಸ ನಮ್ಮದೇ ಅಲ್ವಾ? ಟೊಮೆಟೊ ಆಸರೆಯನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಒಂದೋ ನಾವು ಕಟ್ಟಬೇಕು, ಇಲ್ಲವೇ ಅದು ಆಚೆ ಬೀಳದಂತೆ ಸುತ್ತ ಆವರಿಸಬೇಕು.

ಆಸರೆ ಬರೀ ಕಾಯಿಯ ಭಾರಕ್ಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಎಲೆಗಾಗಿ ಅದು ಇನ್ನೂ ಮುಖ್ಯ. ಟೊಮೆಟೊವನ್ನು ಕಾಡುವ ಎಲೆಚುಕ್ಕೆ, ಅಂಗಮಾರಿಯಂಥ ಶಿಲೀಂಧ್ರ ರೋಗಗಳು ಎಲೆ ಒದ್ದೆಯಾಗಿದ್ದಷ್ಟೂ ಹಬ್ಬುತ್ತವೆ. ಅವುಗಳಲ್ಲಿ ಕೆಲವಕ್ಕೆ ಹಳೇ ಗಿಡದ ಕಸ ಬಿದ್ದ ಮಣ್ಣೇ ಮನೆ. ಮಳೆ ಹನಿಯೋ ಪೈಪಿನ ನೀರೋ ನೆಲಕ್ಕೆ ಬಡಿದು ಚಿಮ್ಮಿದಾಗ ರೋಗದ ಬೀಜಕಣ ಕೆಳಗಿನ ಎಲೆಗೆ ಹತ್ತುತ್ತದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ನೆಲ ಹಿಡಿದ ಗಿಡಕ್ಕೆ ಈ ಕಾಟ ಜಾಸ್ತಿ. ಎತ್ತಿ ಕಟ್ಟಿದ ಗಿಡದಲ್ಲಿ ಗಾಳಿ ಆಡುತ್ತದೆ, ಎಲೆ ಬೇಗ ಒಣಗುತ್ತದೆ, ಕಾಯಿ ಮಣ್ಣಿಗೆ ತಾಗಿ ಕೊಳೆಯುವುದಿಲ್ಲ, ಬಸವನಹುಳುವಿಗೂ ಸುಲಭಕ್ಕೆ ಸಿಗುವುದಿಲ್ಲ. ಹುಳು, ರೋಗ ಏನೇ ಬಂದರೂ ನಿಮ್ಮ ಕಣ್ಣಿಗೆ ಬೇಗ ಬೀಳುತ್ತದೆ ಅನ್ನೋದು ಇನ್ನೊಂದು ಲಾಭ.

ಕೋಲಾ, ಪಂಜರವಾ, ಹಗ್ಗವಾ ಅಂತ ಕೇಳಿದ್ದೀರಿ. ಅದಕ್ಕೆ ಮುಂಚೆ ನಿಮ್ಮ ಗಿಡ ಯಾವ ಜಾತಿ ಅಂತ ಗೊತ್ತಾಗಬೇಕು. ಉಳಿದ ಎಲ್ಲಾ ಉತ್ತರವೂ ಇದರ ಮೇಲೆ ನಿಂತಿದೆ. ಚಿಗುರು ಚಿವುಟುವ ಜಗಳಕ್ಕೂ ಇಲ್ಲೇ ಪರಿಹಾರ ಇದೆ.

ಟೊಮೆಟೊದಲ್ಲಿ ಎರಡು ಬಗೆ. ಒಂದು ಬಳ್ಳಿ ಬಗೆ, ಬೀಜದ ಪೊಟ್ಟಣದ ಮೇಲೆ ಇನ್‌ಡಿಟರ್ಮಿನೇಟ್ ಅಂತ ಬರೆದಿರುತ್ತದೆ. ಇದು ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಹವೆ ಸರಿಯಿದ್ದು ರೋಗ ಬರದಿದ್ದರೆ ಆರೇಳು ಅಡಿ ದಾಟಿ ಹೋಗುತ್ತಲೇ ಇರುತ್ತದೆ. ಇನ್ನೊಂದು ಪೊದೆ ಬಗೆ, ಡಿಟರ್ಮಿನೇಟ್. ಇದು ಮೂರು ನಾಲ್ಕು ಅಡಿಗೆ ನಿಲ್ಲುತ್ತದೆ, ತುದಿಯಲ್ಲೇ ಹೂಗೊಂಚಲು ಬಿಟ್ಟು ಬೆಳವಣಿಗೆ ಮುಗಿಸುತ್ತದೆ. ಕಾಯಿಯೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ. ಈ ಪೊದೆ ಗುಣ ತಾನಾಗಿಯೇ ಹುಟ್ಟಿದ ಒಂದು ಜೀನ್ ಬದಲಾವಣೆ. 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಅದು ಕಣ್ಣಿಗೆ ಬಿತ್ತು. ಯಂತ್ರದಲ್ಲಿ ಒಂದೇ ಸಲಕ್ಕೆ ಕೊಯ್ಯುವ ಹೊಲದ ಟೊಮೆಟೊ ತಳಿಗಳೆಲ್ಲ ಆ ಗುಣವನ್ನೇ ನೆಚ್ಚಿಕೊಂಡಿವೆ.

ಪೊಟ್ಟಣ ಕಳೆದುಹೋಗಿದ್ದರೂ ಗಿಡ ನೋಡಿ ಹೇಳಬಹುದು. ಒಂದು ಹೂಗೊಂಚಲಿನಿಂದ ಅದರ ಮೇಲಿನ ಗೊಂಚಲಿಗೆ ನಡುವೆ ಎಷ್ಟು ಎಲೆ ಇವೆ ಎಣಿಸಿ. ಸಾಮಾನ್ಯವಾಗಿ ಮೂರು ಮೂರು ಎಲೆಗೊಂದು ಗೊಂಚಲು ಬರುತ್ತಾ ತುದಿ ಇನ್ನೂ ಚಿಗುರುತ್ತಿದ್ದರೆ ಅದು ಬಳ್ಳಿ ಬಗೆ. ಒಂದೋ ಎರಡೋ ಎಲೆಗೇ ಗೊಂಚಲು ಬಂದು, ಕೊನೆಗೆ ತುದಿಯಲ್ಲೂ ಹೂವೇ ಇದ್ದರೆ ಪೊದೆ ಬಗೆ. ಸಣ್ಣ ಚೆರ್ರಿ ಟೊಮೆಟೊಗಳಲ್ಲಿ ಹೆಚ್ಚಿನವು ಬಳ್ಳಿ ಬಗೆಯವು. ಕಾಯಿ ಸಣ್ಣದು, ಹಾಗಾಗಿ ಗಿಡವೂ ಸಣ್ಣದೇ ಇರಬೇಕು ಅಂತ ಅಂದುಕೊಂಡು ಮೂರಡಿ ಕೋಲು ಕೊಡುವವರು ತುಂಬಾ ಜನ. ಉದ್ದಕ್ಕೆ ಹೋಗುವುದರಲ್ಲಿ ಅವೇ ಎಲ್ಲಕ್ಕಿಂತ ಮುಂದೆ.

ಬಳ್ಳಿ ಬಗೆಗೆ ನೆಟ್ಟಗಿನ ಆಸರೆ ಬೇಕು: ಕೋಲು ಅಥವಾ ಹಗ್ಗ. ಕೋಲು ಅಂದರೆ ಹೆಬ್ಬೆರಳಿಗಿಂತ ದಪ್ಪದ, ಏಳೆಂಟು ಅಡಿ ಉದ್ದದ ಕೋಲು. ಅದರಲ್ಲಿ ಒಂದೂವರೆ ಅಡಿಯಾದರೂ ಮಣ್ಣೊಳಗೆ ಇಳಿದಿರಬೇಕು. ನಿಮ್ಮ ಕೋಲುಗಳು ವಾಲಿದ್ದು ತೆಳ್ಳಗಿದ್ದವು ಅಂತ ಮಾತ್ರ ಅಲ್ಲ, ಆಳ ಸಾಲದ್ದೂ ಕಾರಣ ಇರಬೇಕು. ಎಲೆ ತುಂಬಿದ ಗಿಡ ಗಾಳಿಗೆ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ. ಆ ಎಳೆತವೆಲ್ಲ ಬುಡಕ್ಕೇ ಬರುತ್ತದೆ. ಮಳೆಗೆ ಮಣ್ಣು ಮೆತ್ತಗಾದ ದಿನವೇ ಗಾಳಿಯೂ ಬಂದರೆ ಅರ್ಧ ಅಡಿ ಊರಿದ ಕೋಲು ಎಲ್ಲಿ ನಿಲ್ಲುತ್ತೆ?

ಕೋಲನ್ನು ಸಸಿ ನೆಡುವ ದಿನವೇ ಊರಿ, ಸಸಿಗಿಂತ ಮೊದಲು. ಅಂಗೈ ಉದ್ದದ ಸಸಿಯ ಪಕ್ಕ ಏಳಡಿ ಕೋಲು ಅತಿಯಾಯಿತು ಅನಿಸುತ್ತದೆ. ಆದರೂ ಬಿಡಬೇಡಿ. ಬೇರು ಇನ್ನೂ ಹರಡಿಲ್ಲದ ಹೊತ್ತದು, ಎಷ್ಟು ಬೇಕಾದರೂ ಬಡಿಯಬಹುದು. ಗಾಳಿ ಯಾವ ಕಡೆಯಿಂದ ಜಾಸ್ತಿ ಬರುತ್ತದೋ ಆ ಕಡೆಗೆ ಕೋಲು ಇರಲಿ. ಆಗ ಗಾಳಿ ಗಿಡವನ್ನು ಕೋಲಿನಿಂದ ಆಚೆಗೆ ತಳ್ಳುತ್ತದೆ, ಕೋಲಿಗೆ ಉಜ್ಜುವುದಿಲ್ಲ. ಕಾಂಡಕ್ಕೂ ಕೋಲಿಗೂ ಮೂರು ನಾಲ್ಕು ಇಂಚು ಅಂತರ ಸಾಕು.

ಕಟ್ಟುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಳ್ಳೆ ಕೋಲು ಕೊಟ್ಟರೂ ಕಟ್ಟಿನಿಂದಲೇ ಗಿಡ ಕೆಡುವುದು ಇದೆ. ಮೊದಲು ಹುರಿಯನ್ನು ಕೋಲಿಗೆ ಬಿಗಿಯಾಗಿ ಗಂಟು ಹಾಕಿ, ಅದು ಜಾರಬಾರದು. ಆಮೇಲೆ ಎರಡೂ ತುದಿಯನ್ನು ನಡುವೆ ಒಮ್ಮೆ ದಾಟಿಸಿ, ಕಾಂಡದ ಸುತ್ತ ತಂದು ಸಡಿಲವಾಗಿ ಕಟ್ಟಿ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಂಟರ ಆಕಾರ ಕಾಣಬೇಕು. ಒಂದು ಸುತ್ತು ಕೋಲಿಗೆ, ಇನ್ನೊಂದು ಕಾಂಡಕ್ಕೆ. ಕಾಂಡದ ಸುತ್ತಿನೊಳಗೆ ನಿಮ್ಮ ಬೆರಳು ಆರಾಮಾಗಿ ಹೋಗಬೇಕು. ಇವತ್ತು ಪೆನ್ಸಿಲಿನಷ್ಟಿರುವ ಕಾಂಡ ಮುಂದೆ ಬೆರಳಿನಷ್ಟು ದಪ್ಪ ಆಗುತ್ತದೆ. ಬಿಗಿದ ಹುರಿ ಆಗ ಸಿಪ್ಪೆಯೊಳಗೆ ಇಳಿದು ನೀರಿನ ದಾರಿಯನ್ನೇ ಹಿಸುಕುತ್ತದೆ. ಸಡಿಲ ಕಟ್ಟಿಗೆ ಇನ್ನೊಂದು ಕಾರಣವೂ ಇದೆ. ಗಾಳಿಗೆ ಒಂದಿಷ್ಟು ಅಲ್ಲಾಡಿದ ಗಿಡ ಕಾಂಡವನ್ನು ದಪ್ಪ ಮಾಡಿಕೊಳ್ಳುತ್ತದೆ. ಅಲ್ಲಾಡಲೇ ಬಿಡದೆ ಬಿಗಿದರೆ ಅದು ತೆಳ್ಳಗೆ, ಉದ್ದಕ್ಕೆ ಹೋಗುತ್ತದೆ.

ಕಟ್ಟು ಎಲೆ ಹುಟ್ಟುವ ಗಿಣ್ಣಿನ ಕೆಳಗೆ ಬರಲಿ. ಆಗ ಕಾಂಡ ಕೆಳಗೆ ಜಾರದೆ ಗಿಣ್ಣಿನ ಮೇಲೆ ನಿಲ್ಲುತ್ತದೆ. ಹೂಗೊಂಚಲಿನ ಕೆಳಗೇ ಕಟ್ಟಬೇಡಿ. ಕಾಯಿ ತುಂಬಿದಾಗ ಕಾಂಡ ಸ್ವಲ್ಪ ಜಗ್ಗಿದರೂ ಗೊಂಚಲಿನ ತೊಟ್ಟು ಹುರಿಗೆ ಸಿಕ್ಕಿ ಮುರಿಯುತ್ತದೆ. ಹಳೇ ಹತ್ತಿ ಬಟ್ಟೆಯ ಪಟ್ಟಿ ಎಲ್ಲಕ್ಕಿಂತ ಒಳ್ಳೆಯದು, ಸೆಣಬಿನ ದಪ್ಪ ಹುರಿಯೂ ಆಗುತ್ತದೆ. ತಂತಿ ಮತ್ತು ತೆಳ್ಳನೆಯ ನೈಲಾನ್ ದಾರ ಖಂಡಿತ ಬೇಡ, ಎರಡೂ ಕಾಂಡವನ್ನು ಕೊಯ್ಯುತ್ತವೆ. ಗಿಡ ಬೆಳೆದಂತೆ ಹತ್ತು ಹನ್ನೆರಡು ಇಂಚಿಗೊಂದು ಕಟ್ಟು. ಬೆಚ್ಚಗಿನ ಹವೆಯಲ್ಲಿ ವಾರಕ್ಕೊಮ್ಮೆ ನೋಡದಿದ್ದರೆ ತುದಿ ಆಗಲೇ ಎತ್ತಲೋ ವಾಲಿಕೊಂಡಿರುತ್ತದೆ.

ಒಂದೇ ಸಾಲಿನಲ್ಲಿ ಆರು ಗಿಡ ಹಾಕುವುದಾದರೆ, ಎಲ್ಲಾ ಬಳ್ಳಿ ಬಗೆಯೇ ಆಗಿದ್ದರೆ, ನಾನು ಕೋಲಿಗಿಂತ ಹಗ್ಗವನ್ನೇ ಹೇಳುತ್ತೇನೆ. ಸಾಲಿನ ಎರಡು ತುದಿಗೆ ಗಟ್ಟಿ ಕಂಬ, ಉದ್ದ ಹತ್ತು ಅಡಿಯಷ್ಟಿದ್ದರೆ ನಡುವೆ ಒಂದು. ಸುಮಾರು ಏಳಡಿ ಎತ್ತರದಲ್ಲಿ ಅಡ್ಡಕ್ಕೆ ಒಂದು ಕೊಳವೆ ಅಥವಾ ದಪ್ಪ ತಂತಿ. ಅದರಿಂದ ಗಿಡಕ್ಕೊಂದು ಹಗ್ಗ ಇಳಿಬಿಡಿ. ಕೆಳತುದಿಯನ್ನು ಬುಡದ ಹತ್ತಿರ ಕಾಂಡಕ್ಕೆ ಸಡಿಲ ಕುಣಿಕೆಯಲ್ಲಿ ಕಟ್ಟಬಹುದು. ಇಲ್ಲವೇ ನೆಡುವಾಗಲೇ ಹಗ್ಗದ ತುದಿಯನ್ನು ಸಸಿಯ ಬೇರುಗಡ್ಡೆಯ ಕೆಳಗೆ ಹಾಕಿ ಮಣ್ಣು ಮುಚ್ಚಬಹುದು. ಗಿಡ ಬೆಳೆದಂತೆ ಕಾಂಡವನ್ನು ಹಗ್ಗದ ಸುತ್ತ ಮೆಲ್ಲಗೆ ಸುತ್ತುತ್ತಾ ಹೋಗುವುದು, ಎರಡು ಮೂರು ಎಲೆಗೊಂದು ಸುತ್ತು. ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಿ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ಹಗ್ಗ ಸೆಣಬಿನದಾದರೆ ದಪ್ಪದ್ದು ಆರಿಸಿ. ತೆಳುವಾದದ್ದು ಮಳೆ ಬಿಸಿಲಿಗೆ ಹಳಸಿ, ಸರಿಯಾಗಿ ಕಾಯಿ ತುಂಬಿದ ಹೊತ್ತಿಗೆ ತುಂಡಾಗುತ್ತದೆ. ತುದಿ ಅಡ್ಡಕೊಳವೆ ಮುಟ್ಟಿದಾಗ ಎರಡು ದಾರಿ ಇವೆ: ಅದನ್ನು ಆಚೆ ಇಳಿಬಿಡುವುದು, ಅಥವಾ ಕೊನೆಯ ಗೊಂಚಲಿನ ಮೇಲೆ ಎರಡು ಎಲೆ ಉಳಿಸಿ ತುದಿ ಕತ್ತರಿಸುವುದು. ಬೆಳೆಯ ಕಾಲ ಮುಗಿಯುತ್ತಾ ಬಂದಿದ್ದರೆ ಕತ್ತರಿಸಿ, ಇರುವ ಕಾಯಿ ಬೇಗ ಬಲಿಯುತ್ತದೆ.

ಪೊದೆ ಬಗೆಗೆ ಪಂಜರ ಸರಿ. ಬಳ್ಳಿ ಬಗೆಯನ್ನು ಚಿವುಟದೆ ಬೆಳೆಸುವವರಿಗೂ ಸರಿ, ಎತ್ತರ ಐದಾರು ಅಡಿ ಇದ್ದರೆ. ಮಾರಲು ಸಿಗುವ ಕಿರಿದಾದ ಬುಡದ, ತೆಳು ತಂತಿಯ ಲಾಳಿಕೆಯಂಥ ಪಂಜರಗಳು ಮೆಣಸಿನ ಗಿಡಕ್ಕೆ ಆದಾವು, ಟೊಮೆಟೊಗೆ ಸಾಲವು. ಕಾಂಕ್ರೀಟಿಗೆ ಹಾಕುವ ಕಬ್ಬಿಣದ ಜಾಲರಿ ತಂದು ಸುರುಳಿ ಮಾಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಅಡ್ಡಗಲ ಒಂದೂವರೆಯಿಂದ ಎರಡು ಅಡಿ ಬರಬೇಕು. ಅದಕ್ಕೆ ಐದರಿಂದ ಆರೂವರೆ ಅಡಿ ಉದ್ದದ ಜಾಲರಿ ಬೇಕಾಗುತ್ತದೆ. ಕಿಂಡಿ ಆರು ಇಂಚಿನದಿರಲಿ. ಕಿಂಡಿ ಸಣ್ಣದಾದರೆ ಕೈ ಒಳಗೆ ಹೋಗುತ್ತದೆ, ಹಣ್ಣು ಹಿಡಿದ ಕೈ ಆಚೆ ಬರುವುದಿಲ್ಲ. ಪಂಜರವನ್ನು ಸುಮ್ನೆ ನೆಲದ ಮೇಲೆ ಇಟ್ಟರೆ ಸಾಲದು, ಎರಡು ಗೂಟ ಬಡಿದು ಅದಕ್ಕೆ ಬಿಗಿಯಿರಿ. ಆಮೇಲೆ ಕೆಲಸ ಕಡಿಮೆ. ಹೊರಗೆ ಬಂದ ಕೊಂಬೆಗಳನ್ನು ಆಗಾಗ ಒಳಕ್ಕೆ ಸೇರಿಸುತ್ತಿದ್ದರೆ ಆಯಿತು.

ಪೊದೆ ಬಗೆಯದ್ದೇ ಉದ್ದ ಸಾಲಿದ್ದರೆ ಎರಡು ಗಿಡಕ್ಕೊಂದು ಗೂಟ ನೆಟ್ಟು, ಸಾಲಿನ ಎರಡೂ ಬದಿಗೆ ಹುರಿ ಎಳೆದು ಗಿಡಗಳನ್ನು ನಡುವೆ ಹಿಡಿಯುವ ಪದ್ಧತಿಯೂ ಇದೆ. ನೆಲದಿಂದ ಎಂಟು ಹತ್ತು ಇಂಚಿಗೆ ಮೊದಲ ಹುರಿ, ಆಮೇಲೆ ಆರೆಂಟು ಇಂಚಿಗೊಂದು. ಹೊಲದಲ್ಲಿ ಇದು ಬಹಳ ಬಳಕೆಯಲ್ಲಿದೆ. ಆರು ಗಿಡಕ್ಕೆ ಅಷ್ಟು ತಯಾರಿ ಬೇಕಾಗಿಲ್ಲ.

ಈಗ ಚಿಗುರಿನ ವಿಷಯ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ ಬರುತ್ತದಲ್ಲ, ಅದು ಕಂಕುಳ ಚಿಗುರು. ಬಿಟ್ಟರೆ ಅದೇ ಇನ್ನೊಂದು ಪೂರ್ತಿ ಕಾಂಡ ಆಗುತ್ತದೆ, ತನ್ನದೇ ಎಲೆ, ಹೂವು, ಕಾಯಿ ಎಲ್ಲಾ ಬಿಡುತ್ತದೆ. ಹಾಗಾಗಿ ಅದನ್ನು ತೆಗೆಯಬೇಕಾ ಬೇಡವಾ ಅನ್ನುವುದನ್ನು ನೀವು ಕೊಟ್ಟ ಆಸರೆಯೇ ತೀರ್ಮಾನಿಸುತ್ತದೆ. ಒಂದು ಹಗ್ಗ ಅಥವಾ ಒಂದು ಕೋಲು ಹೊರುವುದು ಒಂದು ಕಾಂಡವನ್ನು, ಹೆಚ್ಚೆಂದರೆ ಎರಡನ್ನು. ಅಲ್ಲಿ ಚಿವುಟಲೇಬೇಕು. ಎರಡು ಕಾಂಡ ಬೇಕಿದ್ದರೆ ಮೊದಲ ಹೂಗೊಂಚಲಿನ ಕೆಳಗೇ ಬರುವ ಚಿಗುರನ್ನು ಉಳಿಸಿಕೊಳ್ಳಿ, ಅದು ಬಲವಾದದ್ದು. ಪಂಜರದಲ್ಲಿ ನಾಲ್ಕೈದು ಕಾಂಡಕ್ಕೂ ಜಾಗ ಇದೆ, ತುಂಬಾ ಒತ್ತಾದರೆ ಮಾತ್ರ ಒಂದಿಷ್ಟು ಬಿಡಿಸಿ. ಪೊದೆ ಬಗೆಯಲ್ಲಿ ಮೊದಲ ಗೊಂಚಲಿಗಿಂತ ಕೆಳಗಿನವನ್ನು ಬಿಟ್ಟು ಬೇರೆ ಯಾವ ಚಿಗುರನ್ನೂ ಮುಟ್ಟಬೇಡಿ. ಅದು ಹೇಗೂ ನಿಲ್ಲುವ ಗಿಡ. ಚಿಗುರು ತೆಗೆದಷ್ಟೂ ನಿಮ್ಮ ಕಾಯಿಯನ್ನೇ ಕಡಿಮೆ ಮಾಡಿಕೊಂಡಂತೆ. ನಿಮಗೆ ಎರಡು ಥರದ ಸಲಹೆ ಸಿಕ್ಕಿದ್ದು ಇದಕ್ಕೇ ಇರಬೇಕು. ಇಬ್ಬರೂ ಅವರವರ ಗಿಡ ನೋಡಿ ಹೇಳಿದ್ದಾರೆ.

ಚಿವುಟಿದ ಒಂಟಿ ಕಾಂಡದ ಗಿಡದಲ್ಲಿ ಹಣ್ಣು ಬೇಗ ಬರುತ್ತದೆ, ಗಾತ್ರವೂ ದೊಡ್ಡದು. ಚಿವುಟದ ಪಂಜರದ ಗಿಡದಲ್ಲಿ ಒಟ್ಟು ತೂಕ ಜಾಸ್ತಿ, ಹಣ್ಣು ಸ್ವಲ್ಪ ಚಿಕ್ಕದು. ಬಿರುಬಿಸಿಲಿರುವ ಕಡೆ ಅತಿಯಾಗಿ ಎಲೆ ತೆಗೆದರೆ ಕಾಯಿಯ ಹೆಗಲು ಸುಟ್ಟು, ಬಿಳಿಚಿ, ತೆಳು ಕಾಗದದಂತೆ ಆಗುತ್ತದೆ. ಅಂಥ ಕಡೆ ನಾನು ಪಂಜರದ ಪರ. ಹವೆ ಯಾವಾಗಲೂ ಒದ್ದೆ ಒದ್ದೆ ಇರುವ ಕಡೆ ಗಾಳಿಯಾಟವೇ ಮುಖ್ಯ, ಅಲ್ಲಿ ಹಗ್ಗದ ಪರ.

ಚಿಗುರು ಎರಡು ಮೂರು ಇಂಚು ಇರುವಾಗಲೇ ಬೆರಳಲ್ಲಿ ಪಕ್ಕಕ್ಕೆ ಬಾಗಿಸಿ ಮುರಿಯಿರಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಮಾಡಿದರೆ ಗಾಯ ಸಂಜೆಯೊಳಗೆ ಒಣಗುತ್ತದೆ. ಒದ್ದೆ ಗಿಡವನ್ನು ಮುಟ್ಟಬೇಡಿ, ರೋಗ ಕೈಯಿಂದಲೇ ಗಿಡದಿಂದ ಗಿಡಕ್ಕೆ ಹೋಗುತ್ತದೆ. ತಂಬಾಕು ಬಳಸುವವರು ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ತಂಬಾಕಿನ ಮೊಸಾಯಿಕ್ ವೈರಸ್ ಟೊಮೆಟೊಗೂ ತಗಲುತ್ತದೆ. ಹೂಗೊಂಚಲನ್ನೇ ಚಿಗುರು ಅಂತ ಕೀಳದಿರಲು ಒಂದು ಗುರುತು ಇಟ್ಟುಕೊಳ್ಳಿ: ಗೊಂಚಲು ಎರಡು ಎಲೆಗಳ ನಡುವೆ ನೇರ ಕಾಂಡದಿಂದಲೇ ಬರುತ್ತದೆ, ಎಲೆಯ ಮೂಲೆಯಲ್ಲಿ ಅಲ್ಲ.

ಆಸರೆ ಕೊಟ್ಟ ಗಿಡದ ಬುಡ ಬಯಲಾಗಿ ಮಣ್ಣು ಬೇಗ ಒಣಗುತ್ತದೆ. ಒಣಹುಲ್ಲು, ತರಗೆಲೆ ಏನಾದರೂ ಎರಡು ಮೂರು ಇಂಚು ಹೊದಿಸಿ. ಮಣ್ಣು ಚಿಮ್ಮುವುದೂ ನಿಲ್ಲುತ್ತದೆ. ಗಿಡ ಎತ್ತರವಾದ ಮೇಲೆ ನೆಲದಿಂದ ಒಂದು ಅಡಿವರೆಗಿನ ಎಲೆಗಳನ್ನು ನಿಧಾನವಾಗಿ, ಒಂದೆರಡರಂತೆ ತೆಗೆದುಬಿಡಿ.

ಕುಂಡದ ಎರಡು ಗಿಡಗಳಿಗೆ ಒಂಟಿ ಕೋಲು ಕೆಲಸ ಮಾಡುವುದಿಲ್ಲ, ಹಿಡಿದುಕೊಳ್ಳಲು ಅಲ್ಲಿ ಮಣ್ಣಿನ ಆಳವೇ ಇಲ್ಲ. ಕುಂಡದ ಅಂಚಿಗೆ ಮೂರು ಕೋಲು ಊರಿ ಮೇಲ್ತುದಿಗಳನ್ನು ಒಟ್ಟಿಗೆ ಕಟ್ಟಿ. ಗಿಡ ಬೆಳೆದು ಮೇಲಿನ ಭಾರ ಹೆಚ್ಚಾದರೆ ಕುಂಡವೇ ಮಗುಚುತ್ತದೆ, ಆದ್ದರಿಂದ ಗೋಡೆಗೋ ಕಂಬಿಗೋ ಒಂದು ಹಗ್ಗ ಇರಲಿ. ಮುಂದಿನ ಸಲ ಕುಂಡಕ್ಕೆ ಪೊದೆ ಬಗೆಯನ್ನೇ ಆರಿಸಿ, ಕನಿಷ್ಠ 20 ಲೀಟರ್ ಹಿಡಿಯುವ ಕುಂಡದಲ್ಲಿ.

ಹಳೇ ಕೋಲುಗಳನ್ನು ಮತ್ತೆ ಬಳಸಬಹುದು, ಆದರೆ ತೊಳೆದು. ರೋಗದ ಕಣಗಳು ಕೋಲಿನ ಬಿರುಕಿನಲ್ಲಿ, ಅಂಟಿದ ಮಣ್ಣಿನಲ್ಲಿ ಮುಂದಿನ ಬೆಳೆವರೆಗೂ ಉಳಿಯಬಲ್ಲವು. ಮಣ್ಣನ್ನೆಲ್ಲ ಉಜ್ಜಿ ತೆಗೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು, ಬಿಸಿಲಲ್ಲಿ ಒಣಗಿಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬೇರೆ ಯಾವ ಕ್ಲೀನರನ್ನೂ ಅದಕ್ಕೆ ಸೇರಿಸಬೇಡಿ. ಹಳೇ ಹುರಿ, ಬಟ್ಟೆ ಪಟ್ಟಿಗಳನ್ನು ಉಳಿಸಬೇಡಿ. ಬುಡ ಕೊಳೆತ ಬಿದಿರನ್ನು ಪಕ್ಕಕ್ಕಿಡಿ. ನಿಮ್ಮ ತೆಳ್ಳನೆಯ ಕೋಲುಗಳು ಟೊಮೆಟೊಗೆ ಆಗದಿದ್ದರೂ ಮೆಣಸು, ಬದನೆಗೆ ಧಾರಾಳವಾಗಿ ಸಾಕು. ಆದರೆ ಈ ಸಲ ಟೊಮೆಟೊ ಇದ್ದ ಜಾಗದಲ್ಲೇ ಅವನ್ನು ಹಾಕಬೇಡಿ. ಮೂರೂ ಒಂದೇ ಕುಟುಂಬದವು, ಮಣ್ಣಿನಲ್ಲಿ ಉಳಿಯುವ ಕೆಲವು ರೋಗಗಳೂ ಮೂರಕ್ಕೂ ಬರುತ್ತವೆ.